ನಿಮಗಿದು ಗೊತ್ತೇ? ಹೊಸ ಬಡಾವಣೆಯಲ್ಲಿ ತಿಂಡಿ ಎಲ್ಲಿ?

ಮನೆ ಬದಲಾಯಿಸಿದ ದಿನ ಎಲ್ಲರ ಮನೆಯಲ್ಲೂ ಒಂದೇ ದೃಶ್ಯ. ಪಾತ್ರೆಗಳು ಇನ್ನೂ ಗೋಣಿಚೀಲದಲ್ಲಿ, ಗ್ಯಾಸ್ ಒಲೆಯ ಪೈಪು ಯಾವ ಡಬ್ಬದಲ್ಲಿದೆಯೋ ತಿಳಿಯದು, ಮಕ್ಕಳಿಗೆ ಹಸಿವು. ಬೀದಿಗಿಳಿದು ಮೊದಲು ಸಿಕ್ಕವರನ್ನು ಕೇಳುವ ಮಾತು ಇದೇ: ‘ಇಲ್ಲಿ ತಿಂಡಿಗೆ ಎಲ್ಲಿ ಚೆನ್ನಾಗಿರುತ್ತೆ ಸಾರ್?’

ಬೆಂಗಳೂರಿನ ಹೊಸ ಬಡಾವಣೆಗಳು ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಪ್ರಶ್ನೆ ಕೇಳುತ್ತ ಬಂದಿವೆ. ಪ್ರತಿ ಸಲವೂ ಉತ್ತರ ಬೇರೆ. ಬಡಾವಣೆಗೆ ಯಾರು ಬಂದರು, ಯಾವ ದಾರಿಯಿಂದ ಬಂದರು, ತಿನ್ನಲು ಅವರಿಗೆ ಎಷ್ಟು ಹೊತ್ತು ಇತ್ತು? ಈ ಮೂರು ತಿಳಿದರೆ ಅಲ್ಲಿನ ಹೋಟೆಲಿನಲ್ಲಿ ಏನು ಸಿಗುತ್ತದೆಂದು ಬಹುಮಟ್ಟಿಗೆ ಹೇಳಬಹುದು.

ಬಸವನಗುಡಿ, ಮಲ್ಲೇಶ್ವರಗಳೂ ಒಂದು ಕಾಲಕ್ಕೆ ಊರಾಚೆಯ ಬಡಾವಣೆಗಳೇ ಆಗಿದ್ದವು, ಗೊತ್ತೇ? 1890ರ ದಶಕದಲ್ಲಿ ರೂಪುಗೊಂಡ ಇವಕ್ಕೆ ಜನ ಗುಂಪುಗುಂಪಾಗಿ ಹೋದದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟು ಬಿಟ್ಟು, ಅಗಲ ರಸ್ತೆ, ಹಿತ್ತಲು, ಗಾಳಿ ಬೆಳಕು ಇರುವ ಕಡೆಗೆ. ಇಂದು ‘ಹಳೇ ಬೆಂಗಳೂರಿನ ರುಚಿ’ ಎಂದು ನಾವು ಹುಡುಕಿಕೊಂಡು ಹೋಗುವ ಗಾಂಧಿ ಬಜಾರಿನ ದೋಸೆಯಾಗಲಿ ಮಲ್ಲೇಶ್ವರದ ಇಡ್ಲಿಯಾಗಲಿ ಅಂದಿನ ಹೊಸ ಬಡಾವಣೆಗಳ ತಿಂಡಿ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರೇ ಗಿರಾಕಿಗಳಾದ್ದರಿಂದ ಆ ಹೆಸರು. ಅದರ ಗೋಡೆಗಳ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳಿವೆ. ಶುಕ್ರವಾರ ರಜೆ, ಹೊಸಬರು ಇದನ್ನು ತಿಳಿಯದೆ ಹೋಗಿ ಬಾಗಿಲು ನೋಡಿಕೊಂಡು ಹಿಂತಿರುಗುತ್ತಾರೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಮಲ್ಲೇಶ್ವರ 15ನೇ ಕ್ರಾಸಿನ ವೀಣಾ ಸ್ಟೋರ್ಸ್ 1977ರದ್ದು. ಎರಡೂ ಕಡೆ ತಟ್ಟೆ ಹಿಡಿದು ಹೊರಗೆ ನಿಂತೇ ತಿನ್ನಬೇಕು. ಎರಡೂ ಕಡೆ ತಿಂಡಿಗಳ ಪಟ್ಟಿ ತೀರ ಚಿಕ್ಕದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಾಲ್‌ಬಾಗ್ ಪಕ್ಕದ ಮಾವಳ್ಳಿ ಟಿಫಿನ್ ರೂಮ್, ಅಂದರೆ ಎಂಟಿಆರ್, 1924ರಲ್ಲಿ ಹುಟ್ಟಿದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಕಟ್ಟಿದ್ದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬರ್ಮಾದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ರವೆ ಕೈಗೆ ಬಂತು, ರವೆ ಇಡ್ಲಿ ಆಯಿತು. ಇದು ತನ್ನ ಅಡುಗೆಮನೆಯಲ್ಲೇ ಹುಟ್ಟಿದ್ದೆಂದು ಎಂಟಿಆರ್ ಹೇಳಿಕೊಳ್ಳುತ್ತದೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದು, ಅಲ್ಲಿ ಕಂಡ ಶುಚಿತ್ವದ ಕ್ರಮಗಳನ್ನು ಇಲ್ಲಿ ಜಾರಿಗೆ ತಂದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಮಿತಿ ಹಾಕಿದಾಗ, ಗುಣಮಟ್ಟ ಇಳಿಸಲು ಒಪ್ಪದೆ ಹೋಟೆಲ್ ಬಾಗಿಲು ಮುಚ್ಚಿತು. ಕೆಲಸಗಾರರನ್ನು ಬಿಡಬಾರದೆಂದು ಪಕ್ಕದಲ್ಲೇ ಹಿಟ್ಟು, ಸಾರಿನ ಪುಡಿ ಮಾರುವ ವ್ಯಾಪಾರಕ್ಕೆ ಒತ್ತು ಬಂತು. ಇವತ್ತು ಅಮೆರಿಕದ ಕನ್ನಡಿಗರ ಅಡುಗೆಮನೆಯಲ್ಲೂ ಇರುವ ರವೆ ಇಡ್ಲಿ ಪೊಟ್ಟಣದ ಹಿಂದೆ ಆ ದಿನಗಳ ಇಕ್ಕಟ್ಟು ಇದೆ.

ಅಂದಹಾಗೆ, ಇಡ್ಲಿ ನಮಗೆ ಹೊಸದೇನಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಮಾತಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ದೋಸೆಯ ಪೂರ್ವಜನೂ ಸಿಗುತ್ತದೆ.

ಜಯನಗರ ನಿಂತು ತಿನ್ನುವುದನ್ನು ಕಲಿಸಿತು

1948ರಲ್ಲಿ ಗವರ್ನರ್ ಜನರಲ್ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಅದು ಊರಿನ ತೀರ ತುದಿ. ಪಕ್ಕದ ವೃತ್ತದ ಹೆಸರೇ ಸೌತ್ ಎಂಡ್: ದಕ್ಷಿಣಕ್ಕೆ ಊರು ಇಲ್ಲಿಗೆ ಮುಗಿಯಿತು ಎಂದು ಅರ್ಥ. ಆಮೇಲೆ ಊರು ಎಷ್ಟು ಕಿಲೋಮೀಟರ್ ಮುಂದೆ ಹೋಯಿತೆಂದು ಕನಕಪುರ ರಸ್ತೆಯಲ್ಲಿ ಬಸ್ಸು ಹಿಡಿದವರಿಗೆಲ್ಲ ಗೊತ್ತು.

ಇದೇ ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಅವರು ‘ಕೆಫೆ ದರ್ಶಿನಿ’ ತೆರೆದರು. ಕುರ್ಚಿ ಇಲ್ಲ, ಮಾಣಿ ಇಲ್ಲ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತೊಗೊಂಡು, ಅಡುಗೆಯವರ ಮುಂದೆಯೇ ತಟ್ಟೆ ಪಡೆದು, ಎದೆಮಟ್ಟದ ಮೇಜಿನ ಬಳಿ ನಿಂತು ತಿಂದು ಹೊರಡಬೇಕು. ಕೂರುವ ಜಾಗಕ್ಕೆ ಬಾಡಿಗೆಯಿಲ್ಲ, ಬಡಿಸುವವರಿಗೆ ಸಂಬಳವಿಲ್ಲ, ಹಾಗಾಗಿ ತಿಂಡಿ ಅಗ್ಗ. ಅಡುಗೆ ಕಣ್ಣೆದುರೇ ಆಗುವುದರಿಂದ ಶುಚಿಯ ಬಗ್ಗೆ ಭರವಸೆ. ಆಫೀಸಿಗೆ ಓಡುವವನಿಗೆ ಹತ್ತು ನಿಮಿಷದಲ್ಲಿ ಇಡ್ಲಿ, ವಡೆ, ಕಾಫಿ ಮುಗಿಯುತ್ತದೆ. ನನ್ನ ಮಟ್ಟಿಗೆ ಇದು ಬೆಂಗಳೂರು ನಾಡಿಗೆ ಕೊಟ್ಟ ಅತಿ ದೊಡ್ಡ ಕೊಡುಗೆಗಳಲ್ಲಿ ಒಂದು. ಮೇಸ್ತ್ರಿ, ಗುಮಾಸ್ತ, ಡಾಕ್ಟರು, ಕಾಲೇಜು ಹುಡುಗಿ ಒಂದೇ ಮೇಜಿನ ಸುತ್ತ ಒಂದೇ ಚಟ್ನಿ ನೆಂಚಿಕೊಂಡು ತಿನ್ನುವ ಇನ್ನೊಂದು ಜಾಗವನ್ನು ಈ ಊರಿನಲ್ಲಿ ತೋರಿಸಿ ನೋಡೋಣ.

‘ದರ್ಶಿನಿ’ ಎನ್ನುವುದು ಒಂದು ಅಂಗಡಿಯ ಹೆಸರಾಗಿ ಹುಟ್ಟಿ, ಈಗ ಅಂಥ ಹೋಟೆಲುಗಳಿಗೆಲ್ಲ ಜಾತಿನಾಮವಾಗಿದೆ. ನಮ್ಮಲ್ಲಿ ‘ಹೋಟೆಲ್’ ಎಂದರೆ ತಿನ್ನುವ ಜಾಗ ತಾನೆ. ಮಲಗುವ ಜಾಗ ಬೇಕಿದ್ದರೆ ಲಾಡ್ಜ್ ಎಂದೇ ಕೇಳಬೇಕು. ಬೇರೆ ರಾಜ್ಯದಿಂದ ಬಂದವರಿಗೆ ಇದನ್ನು ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು.

ಚೌಚೌ ಬಾತಿನಲ್ಲಿ ಸೀಮೆಬದನೆ ಇರುವುದಿಲ್ಲ! ಖಾರಾಬಾತ್ ಒಂದು ಸೌಟು, ಕೇಸರಿಬಾತ್ ಒಂದು ಸೌಟು, ಒಂದೇ ತಟ್ಟೆಯಲ್ಲಿ. ಯಾವುದೇ ಹೊಸ ದರ್ಶಿನಿಯ ಕೈಚಳಕ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಖಾರ, ಸಿಹಿ, ತುಪ್ಪ, ರವೆ ಹುರಿದ ಹದ, ನಾಲ್ಕೂ ಒಂದೇ ಬಾರಿಗೆ ಗೊತ್ತಾಗುತ್ತವೆ.

ಮಿಲಿಟರಿ ಹೋಟೆಲಿಗೂ ಮಿಲಿಟರಿಗೂ ಏನು ಸಂಬಂಧ? ಸೈನಿಕರಿಗೆ ಮಾಂಸದೂಟ ಬಡಿಸಿದ್ದರಿಂದ ಬಂದ ಹೆಸರೆಂಬುದು ರೂಢಿಯ ವಿವರಣೆ. ಬೆಂಗಳೂರಿನಲ್ಲಿ ಇವನ್ನು ಕಟ್ಟಿದವರಲ್ಲಿ ಮರಾಠಾ ಮನೆತನಗಳದು ದೊಡ್ಡ ಪಾಲು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಆ ಪರಂಪರೆಯದು. ಇವರ ಬಿರಿಯಾನಿ ಎಲೆಯ ದೊನ್ನೆಯಲ್ಲಿ ಬರುವುದರಿಂದ ‘ದೊನ್ನೆ ಬಿರಿಯಾನಿ’. ಉದ್ದಕ್ಕಿಯ ಬದಲು ಸಣ್ಣಗಾತ್ರದ ಜೀರಿಗೆ ಸಾಂಬ ಅಕ್ಕಿ. ಕೊತ್ತಂಬರಿ, ಪುದೀನದಿಂದ ಹಸಿರು ಬಣ್ಣ. ಮಧ್ಯಾಹ್ನ ಎರಡಾದ ಮೇಲೆ ಹೋದರೆ ಬಹಳ ಕಡೆ ಪಾತ್ರೆ ತೊಳೆದಿಟ್ಟಿರುತ್ತಾರೆ.

ಯಾವ ಬಡಾವಣೆಗೆ ಹೋದರೂ ಮೊದಲ ಹತ್ತು ಅಂಗಡಿಗಳಲ್ಲಿ ಒಂದು ಅಯ್ಯಂಗಾರ್ ಬೇಕರಿ. ಇದರ ಮೂಲ 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ. ಬೇಕರಿ, ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಮನೆತನಗಳು ಆಮೇಲೆ ನಾಡಿನ ಮೂಲೆಮೂಲೆಗೂ ಹಬ್ಬಿದವು. ಖಾರಾಬನ್, ಹನಿಕೇಕ್, ದಿಲ್‌ಪಸಂದ್, ಆಲೂಬನ್, ಕಾಂಗ್ರೆಸ್ ಕಡ್ಲೆಕಾಯಿ. ಮಕ್ಕಳ ಹುಟ್ಟುಹಬ್ಬಕ್ಕೆ ಮೊಟ್ಟೆ ಹಾಕದ ಕೇಕು ಬೇಕೆಂದವರಿಗೆ ಇವತ್ತಿಗೂ ಇದೇ ಗತಿ. ಸಂಜೆ ನಾಲ್ಕೂವರೆಗೆ ಬಿಸಿ ಟ್ರೇ ಹೊರಬರುವ ಬೇಕರಿ ಯಾವುದೆಂದು ಮನೆ ಬದಲಾಯಿಸಿದ ವಾರದಲ್ಲೇ ಪತ್ತೆಹಚ್ಚಿಕೊಳ್ಳಿ.

ಹೆಸರಿನೊಳಗೆ ಅಡಗಿದ ಹಳ್ಳಿಗಳು

ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಎಚ್‌ಎಸ್‌ಆರ್ ಎಂದರೆ ಹೊಸೂರು, ಸರ್ಜಾಪುರ ರಸ್ತೆಗಳು. ಎಚ್‌ಆರ್‌ಬಿಆರ್‌ನಲ್ಲಿ ಹೆಣ್ಣೂರು, ಬಾಣಸವಾಡಿ ಇವೆ. ಇಂಗ್ಲಿಷ್ ಅಕ್ಷರಗಳ ಒಳಗೆ ಹಳ್ಳಿಗಳು ಮಲಗಿವೆ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಒಮ್ಮೆಗೇ ಬೆಂಗಳೂರಾದವು. ರಾಜರಾಜೇಶ್ವರಿನಗರ, ಯಲಹಂಕ, ಮಹದೇವಪುರ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ದಾಸರಹಳ್ಳಿ, ಬ್ಯಾಟರಾಯನಪುರ ಅಲ್ಲಿಯವರೆಗೆ ತಮ್ಮದೇ ನಗರಸಭೆ ಇದ್ದ ಊರುಗಳು. ಯಲಹಂಕವಂತೂ ಬೆಂಗಳೂರಿಗಿಂತ ಹಿರಿದು. ಕೆಂಪೇಗೌಡರು ಬಂದದ್ದೇ ಯಲಹಂಕ ನಾಡಪ್ರಭುಗಳ ಮನೆತನದಿಂದ.

ಇದು ಊಟದ ಅಂಕಣ. ಹಳ್ಳಿಗಳ ಮಾತು ಏಕೆ? ಏಕೆಂದರೆ ಪ್ರತಿ ಬಡಾವಣೆಯ ನಡುವೆ ಹಳೆಯ ಊರಿನ ಬೀದಿಯೊಂದು ಉಳಿದಿರುತ್ತದೆ. ಅಶ್ವತ್ಥಕಟ್ಟೆ, ಮಾರಮ್ಮನ ಗುಡಿ, ಹೆಂಚಿನ ಮನೆ ನಾಲ್ಕು. ಅಲ್ಲಿಯೇ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚುವ ಸಣ್ಣ ಹೋಟೆಲೂ ಇರುತ್ತದೆ. ಮುಖ್ಯರಸ್ತೆಯ ಬಾಡಿಗೆ ಅದಕ್ಕಿಲ್ಲ, ದೀಪಾಲಂಕಾರದ ಖರ್ಚಿಲ್ಲ. ತಟ್ಟೆಗೆ ಬೀಳುವ ಪಲಾವು, ಚಿತ್ರಾನ್ನ, ಮುದ್ದೆಯ ಬೆಲೆಯಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ರಸ್ತೆಗೊಂದು ರುಚಿ

ಬಡಾವಣೆ ಯಾವ ಹೆದ್ದಾರಿಯ ಪಕ್ಕದಲ್ಲಿದೆಯೋ ಆ ಹೆದ್ದಾರಿಯ ಆಚೆ ತುದಿಯ ರುಚಿ ಅಲ್ಲಿಗೆ ಹರಿದು ಬರುತ್ತದೆ. ಇದು ನಾನು ವರ್ಷಗಟ್ಟಲೆ ತಿರುಗಿ ಕಂಡುಕೊಂಡ ಲೆಕ್ಕ, ತಪ್ಪಿದ್ದು ಕಡಿಮೆ.

ಕೆಂಗೇರಿ, ರಾಜರಾಜೇಶ್ವರಿನಗರದವರಿಗೆ ಮೈಸೂರು ರಸ್ತೆ. ಅಂದರೆ ಬಿಡದಿಯ ತಟ್ಟೆ ಇಡ್ಲಿ. ಇನ್ನೂ ಮುಂದೆ ಹೋದರೆ ಮದ್ದೂರು ವಡೆ. 1917ರಿಂದ ಮದ್ದೂರು ರೈಲ್ವೆ ನಿಲ್ದಾಣದಲ್ಲಿ ಬೆಳೆದುಬಂದ ತಿಂಡಿ ಅದು. ದಾಸರಹಳ್ಳಿ, ನೆಲಮಂಗಲದ ಕಡೆಯವರಿಗೆ ತುಮಕೂರು ರಸ್ತೆ, ಅಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಬಿಡದಿಯದು ಮೇಲೋ ಕ್ಯಾತ್ಸಂದ್ರದ್ದು ಮೇಲೋ ಎಂಬ ಜಗಳ ತೀರುವಂಥದ್ದಲ್ಲ. ನನ್ನ ಮತ ಬೆಣ್ಣೆ ಧಾರಾಳವಾಗಿ ಹಾಕುವವರ ಕಡೆಗೆ.

ಕೃಷ್ಣರಾಜಪುರ, ವೈಟ್‌ಫೀಲ್ಡ್ ಕಡೆಯವರಿಗೆ ಹೊಸಕೋಟೆ ಹತ್ತಿರ. ಹೊಸಕೋಟೆಯ ದಮ್ ಬಿರಿಯಾನಿ ತಿನ್ನುವ ಹೊತ್ತು ಕೇಳಿದರೆ ಹೊಸಬರು ನಂಬುವುದಿಲ್ಲ: ಬೆಳಗಿನ ಜಾವ ನಾಲ್ಕು, ಐದು ಗಂಟೆ. ಭಾನುವಾರ ಕತ್ತಲಲ್ಲೇ ಕಾರು, ಬೈಕುಗಳ ಸಾಲು. ಸೌದೆ ಒಲೆಯ ಮೇಲೆ ರಾತ್ರಿಯಿಡೀ ಬೆಂದ ಮಟನ್ ಬಿರಿಯಾನಿ ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಖಾಲಿ.

ಮಾಗಡಿ ರಸ್ತೆಯವರು ಅವರೆಕಾಯಿಗೆ ಪುಣ್ಯವಂತರು. ಡಿಸೆಂಬರಿನಿಂದ ಫೆಬ್ರವರಿವರೆಗೆ ಮಂಜು ಬಿದ್ದ ದಿನಗಳಲ್ಲಿ ಬರುವ ಸೊಗಡವರೆಯ ವಾಸನೆ ಕೈಗೆ ಅಂಟಿ ಎರಡು ದಿನ ಬಿಡುವುದಿಲ್ಲ. ಹಿತಕಿದಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ರೊಟ್ಟಿ ಹೋಟೆಲಿನ ಬೋರ್ಡಿಗೆ ಬರುವುದು ಈ ಮೂರು ತಿಂಗಳು ಮಾತ್ರ. ಸಜ್ಜನರಾವ್ ವೃತ್ತದ ತಿಂಡಿ ಬೀದಿಯಲ್ಲಿ ಬೆಳೆದ ಅವರೆಬೇಳೆ ಮೇಳಕ್ಕೆ ಊರಿನ ಎಲ್ಲ ಹೊಸ ಬಡಾವಣೆಗಳಿಂದ ಜನ ಬರುತ್ತಾರೆ.

ವೈಟ್‌ಫೀಲ್ಡಿನಲ್ಲಿ ಮೊದಲು ಊಟ ಮಾಡಿದವರು ಸಾಫ್ಟ್‌ವೇರ್ ಎಂಜಿನಿಯರುಗಳಲ್ಲ. 1882ರಲ್ಲಿ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು; ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಬೇಸಾಯದ ಊರಾಗಿ ನೂರು ವರ್ಷ ಕಳೆದ ಮೇಲೆ, 1990ರ ದಶಕದ ಕೊನೆಗೆ ಐಟಿಪಿಎಲ್ ಟೆಕ್ ಪಾರ್ಕ್ ಬಂತು. ಎಲೆಕ್ಟ್ರಾನಿಕ್ ಸಿಟಿಯದು ಇನ್ನೊಂದು ಕಥೆ: 1970ರ ದಶಕದಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 332 ಎಕರೆಯಲ್ಲಿ ಆರಂಭಿಸಿದ್ದು.

ಕೆಲಸ ಬಂದಲ್ಲಿಗೆ ಒಂಟಿ ಹುಡುಗರು, ಹುಡುಗಿಯರು ಬಂದರು. ಪಿಜಿಗಳು ಎದ್ದವು. ಪಿಜಿಯ ಊಟ ಸಾಲದೆ ಮೆಸ್‌ಗಳು ಹುಟ್ಟಿದವು. ಮಾರತ್ತಹಳ್ಳಿಯಲ್ಲಿ ಗೋಂಗೂರ, ಪಪ್ಪು, ಪೊಡಿ, ತುಪ್ಪದ ಆಂಧ್ರ ಊಟ ಇಷ್ಟು ಸಿಗುವುದು, ಮಡಿವಾಳದಲ್ಲಿ ಪುಟ್ಟು, ಕಡಲೆ, ಪರೋಟ ಇಷ್ಟು ಸಿಗುವುದು ಯಾರೋ ಯೋಜಿಸಿದ್ದಲ್ಲ. ಕೆಲಸಕ್ಕೆ ಬಂದವರ ಹಿಂದೆಯೇ ಅವರ ಅಡುಗೆಯವರೂ ಬಂದರು. ಹೊಸದಾಗಿ ಬಂದ ಬಂಗಾಳಿ, ಒಡಿಯಾ, ಅಸ್ಸಾಮಿ ಕಾರ್ಮಿಕರಿಗೆಂದು ತೆರೆದ ತಗಡಿನ ಮಾಡಿನ ಹೋಟೆಲುಗಳಲ್ಲಿ ಮೀನಿನ ಸಾರು, ಅನ್ನ ಕಡಿಮೆ ದುಡ್ಡಿಗೆ ಸಿಗುತ್ತದೆ. ಹೊಸ ಅಪಾರ್ಟ್‌ಮೆಂಟಿನವರು ಒಮ್ಮೆ ಒಳಗೆ ಹೋಗಿ ಕೂತರೆ, ತಮ್ಮ ಮನೆ ಕಟ್ಟಿದ ಕೈಗಳ ಪರಿಚಯವಾಗುತ್ತದೆ.

ಖಾನಾವಳಿ ಎಂಬ ಬೋರ್ಡು ಕಂಡರೆ ಅಲ್ಲಿ ನಿಲ್ಲಿ. ಧಾರವಾಡ, ವಿಜಯಪುರ, ಕಲಬುರಗಿಯಿಂದ ಬಂದ ನೌಕರರು, ಪರೀಕ್ಷೆಗೆ ಓದುವ ಹುಡುಗರು ತಂಗಿದ ವಿಜಯನಗರದಂಥ ಕಡೆ ಇವು ನೆಲೆಯೂರಿದವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿದರೆ ಧೈರ್ಯವಾಗಿ ಕೂರಿ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಹಿಟ್ಟು ಲಟ್ಟಣಿಗೆಗೆ ಬಗ್ಗದೆ ಕೈಬಡಿತವನ್ನೇ ಬೇಡುತ್ತದೆ.

ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಹತ್ತಿರವೂ ಬರುವುದಿಲ್ಲ. ಆದರೂ ಎಷ್ಟೋ ಹೊಸ ಬಡಾವಣೆಯ ಮುಖ್ಯರಸ್ತೆಯಲ್ಲಿ ನೂಡಲ್ಸ್ ಸಿಗುವಷ್ಟು ಸುಲಭವಾಗಿ ಮುದ್ದೆ, ಬಸ್ಸಾರು ಸಿಗುವುದಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಮನೆಗೇ ತಿಂಡಿ ತರಿಸುವ ಸ್ವಿಗ್ಗಿ 2014ರಲ್ಲಿ ಶುರುವಾದದ್ದು ಕೋರಮಂಗಲದಲ್ಲಿ. ಒಂಟಿಯಾಗಿರುವ ದುಡಿಯುವ ಯುವಜನ, ಹತ್ತಿರ ಹತ್ತಿರ ಹೋಟೆಲುಗಳು, ಟ್ರಾಫಿಕ್ಕಿಗೆ ಹೆದರಿ ಹೊರಗೆ ಹೊರಡದ ಸಂಜೆಗಳು, ಮೂರೂ ಅಲ್ಲಿ ಒಟ್ಟಿಗಿದ್ದವು. ಈಗ ಹೊರವಲಯದಲ್ಲಿ ಕೂರುವ ಜಾಗವೇ ಇಲ್ಲದೆ ಅಡುಗೆಮನೆ ಮಾತ್ರ ಇರುವ ಹೋಟೆಲುಗಳಿವೆ. ಆ್ಯಪಿನಲ್ಲಿ ಐದು ಬೇರೆ ಹೆಸರು ಕಂಡರೂ ವಿಳಾಸ ಒಂದೇ ಇರಬಹುದು. ತರಿಸುವ ಮುನ್ನ ವಿಳಾಸ ಓದಿ.

ದೋಸೆ ಮಾತ್ರ ತರಿಸಬೇಡಿ. ಕಾವಲಿಯಿಂದ ಇಳಿದ ಐದು ನಿಮಿಷಕ್ಕೆ ಅದರ ಪ್ರಾಣ ಹೋಗುತ್ತದೆ.

ಹೋಟೆಲಿನ ಗುಣಕ್ಕೆ ನೀರೂ ಕಾರಣ. ಆ 110 ಹಳ್ಳಿಗಳ ಪ್ರದೇಶ ವರ್ಷಗಟ್ಟಲೆ ಕೊಳವೆಬಾವಿ, ಟ್ಯಾಂಕರ್ ನಂಬಿಕೊಂಡಿತ್ತು. ಅವಕ್ಕೆಂದೇ ರೂಪಿಸಿದ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಚಾಲನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಕಾಫಿ ಡಿಕಾಕ್ಷನ್‌ಗೂ ಬೇರೆಯೇ ರುಚಿ. ಒಂದೇ ಹೋಟೆಲಿನ ಎರಡು ಶಾಖೆಗಳಲ್ಲಿ ಕಾಫಿ ಬೇರೆ ಅನ್ನಿಸಿದರೆ ಪುಡಿಯನ್ನಷ್ಟೇ ಅನುಮಾನಿಸಬೇಡಿ.

ಪುಡಿಯ ಮಾತೂ ಬಂತಲ್ಲ: ಚಿಕೋರಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಎಷ್ಟು ಬೆರೆಸಿದೆ ಎಂದು ಪೊಟ್ಟಣದ ಮೇಲೆ ಬರೆದಿರಲೇಬೇಕು.

ಗೋಡೆಯ ಮೇಲೆ, ಬಿಲ್ಲಿನ ಮೇಲೆ ಏನು ನೋಡಬೇಕು?

ಹೋಟೆಲಿನ ಗೋಡೆಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಕಾಣುವಂತಿರಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಅದನ್ನು ಮುದ್ರಿಸುವುದು ಕಡ್ಡಾಯ. ಮೊದಲ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ಸಣ್ಣ ವ್ಯಾಪಾರದ ನೋಂದಣಿ. ನಂತರದ ಎರಡು ಅಂಕಿ ರಾಜ್ಯದ ಗುರುತು, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು ಅಂಕಿ ಕೊಟ್ಟ ವರ್ಷ. ಇಡ್ಲಿ ಬರುವಷ್ಟರಲ್ಲಿ ಇಷ್ಟನ್ನು ಓದಿಬಿಡಬಹುದು.

ಸೇವಾ ಶುಲ್ಕವನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹಾಗೆಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಸಾಮಾನ್ಯ ಹೋಟೆಲುಗಳಿಗೆ ಜಿಎಸ್‌ಟಿ ಶೇ 5. ಆದರೆ ಕಾಂಪೊಸಿಷನ್ ಪದ್ಧತಿ ಆರಿಸಿಕೊಂಡ ಸಣ್ಣ ಹೋಟೆಲು ಗಿರಾಕಿಯಿಂದ ಅದನ್ನು ವಸೂಲಿ ಮಾಡುವಂತಿಲ್ಲ; ತೆರಿಗೆ ಅದರ ಕೈಯಿಂದಲೇ ಹೋಗಬೇಕು.

ಹೋಟೆಲಿನ ಒಲೆಗೆ 19 ಕಿಲೋ ಸಿಲಿಂಡರ್. ಮನೆಯ 14.2 ಕಿಲೋ ಸಿಲಿಂಡರ್ ಅಲ್ಲಿ ಬಳಸುವುದು ನಿಯಮಕ್ಕೆ ವಿರುದ್ಧ.

ಕೆಂಪಗೆ ಹೊಳೆಯುವ ಗೋಬಿ ಮಂಚೂರಿ ಕಂಡರೆ ಹಿಂದೆ ಸರಿಯಿರಿ. ಪರೀಕ್ಷೆಯಲ್ಲಿ ಅಪಾಯಕಾರಿ ಬಣ್ಣ ಸಿಕ್ಕ ಮೇಲೆ ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಅದೇ ಕಟ್ಟಳೆ ಬಂತು. ಬಣ್ಣ ಹಾಕದ ಗೋಬಿ ಕಂದು ಬಣ್ಣಕ್ಕಿರುತ್ತದೆ, ರುಚಿಗೇನೂ ಕೊರತೆಯಿಲ್ಲ.

2025ರ ಫೆಬ್ರವರಿಯಲ್ಲಿ ಇಡ್ಲಿಯ ಸರದಿ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದು ಬೆಳಕಿಗೆ ಬಂದು, ಅದಕ್ಕೂ ನಿಷೇಧ ಬಿತ್ತು. ಬಿಸಿಗೆ ಪ್ಲಾಸ್ಟಿಕ್ಕಿನ ವಿಷ ಹಿಟ್ಟಿಗೆ ಇಳಿಯುತ್ತದೆ. ಹತ್ತಿಬಟ್ಟೆಯ ಮೇಲೆ ಬೆಂದ ಇಡ್ಲಿಯ ಕೆಳಬದಿ ನೋಡಿ, ನೇಯ್ಗೆಯ ಗುರುತು ಮೂಡಿರುತ್ತದೆ.

ಕರಿದ ಎಣ್ಣೆಗೂ ಮಿತಿಯಿದೆ. ಕಾಯಿಸಿ ಕಾಯಿಸಿ ಎಣ್ಣೆಯಲ್ಲಿ ಕೂಡಿಕೊಳ್ಳುವ ‘ಟೋಟಲ್ ಪೋಲಾರ್’ ಅಂಶ ಶೇ 25 ದಾಟಿದರೆ ಆ ಎಣ್ಣೆ ಅಡುಗೆಗೆ ಸಲ್ಲದು ಎಂಬ ನಿಯಮ 2018ರಿಂದ ಇದೆ. ನಮ್ಮ ಬಳಿ ಅಳೆಯುವ ಉಪಕರಣ ಇಲ್ಲದಿದ್ದರೂ ಕಣ್ಣು, ಮೂಗು ಇವೆ: ಕಪ್ಪಾದ, ನೊರೆ ಎದ್ದ, ಗಂಟಲು ಕೆರೆಯುವ ಹೊಗೆ ಬಿಡುವ ಬಾಣಲೆಯ ಬೋಂಡ ಬೇಡ.

ಬೀದಿಬದಿಯ ಗಾಡಿಯವರನ್ನು ಕಾನೂನು ಅತಿಕ್ರಮಣಕಾರರೆಂದು ನೋಡುವುದಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಅವರಿಗೆ ಜಾಗ ಗುರುತಿಸಲು ಹೇಳುತ್ತದೆ. ಒಂದು ಪ್ರದೇಶದ ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಅವಕಾಶ ಇರಬೇಕೆನ್ನುತ್ತದೆ. ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನ, ಶಾಲೆ, ಬ್ಯಾಂಕು ಎಲ್ಲಕ್ಕೂ ಜಾಗವಿರುತ್ತದೆ. ತಟ್ಟೆ ಇಡ್ಲಿಯ ಗಾಡಿಗೂ ಎಳನೀರಿನವನಿಗೂ ಒಂದು ಮೂಲೆ ಬಿಡಿ ಎಂದು ನಿವಾಸಿಗಳ ಸಂಘದಲ್ಲಿ ಒಬ್ಬರಾದರೂ ಎದ್ದು ಹೇಳಬೇಕು.

ಇಂದಿರಾ ಕ್ಯಾಂಟೀನ್ ಮೊದಲು ತೆರೆದದ್ದು 2017ರ ಆಗಸ್ಟಿನಲ್ಲಿ, ಜಯನಗರದ ಕನಕನಪಾಳ್ಯದಲ್ಲಿ. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ದರ್ಶಿನಿ ಹುಟ್ಟಿದ ಜಯನಗರದಲ್ಲೇ ಇದೂ ಹುಟ್ಟಿತು.

ಹಾಗಾದರೆ ಆರಿಸುವುದು ಹೇಗೆ? ನಾನು ನೋಡುವುದು ಇಷ್ಟು. ಬೆಳಿಗ್ಗೆ ಏಳಕ್ಕೆ ಮುಂದೆ ಆಟೋಗಳು ನಿಂತಿವೆಯೇ? ಆಟೋ ಚಾಲಕರು ದಿನವೂ ಹೊರಗೆ ತಿನ್ನುವವರು. ಹೊಟ್ಟೆ ಕೆಟ್ಟರೆ ಅವರ ಆ ದಿನದ ದುಡಿಮೆ ಹೋಗುತ್ತದೆ, ಹಾಗಾಗಿ ಅವರ ಆಯ್ಕೆ ಗಟ್ಟಿ. ತಿಂಡಿಗಳ ಪಟ್ಟಿ ಚಿಕ್ಕದಿದೆಯೇ? ನೂರು ಬಗೆ ಬರೆದ ಬೋರ್ಡಿನ ಹಿಂದೆ ಫ್ರಿಜ್ಜಿನಲ್ಲಿ ಕಾಯುತ್ತಿರುವ ಪಾತ್ರೆಗಳಿರುತ್ತವೆ. ಎಂಟು ಬಗೆ ಮಾಡುವವರ ಪಾತ್ರೆ ಹತ್ತಕ್ಕೇ ಖಾಲಿ. ಬೇಯಿಸಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಹೊರಗಿಡಬಾರದು, ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೇಗ ಖಾಲಿಯಾಗುವ ಹೋಟೆಲು ಈ ನಿಯಮವನ್ನು ಓದದೆಯೇ ಪಾಲಿಸುತ್ತಿರುತ್ತದೆ. ಕೊನೆಗೆ ಚಟ್ನಿ. ಬೆಳಗಿನ ಚಟ್ನಿಗೂ ಸಂಜೆಯ ಚಟ್ನಿಗೂ ಒಂದೇ ಬಕೆಟ್ಟಾದರೆ ನಾಲಿಗೆ ತಕ್ಷಣ ಹೇಳುತ್ತದೆ.

ಮುಂದಿನ ಭಾನುವಾರ ನಿಮ್ಮ ಬಡಾವಣೆಯ ಹಳೆಯ ಊರಿನ ಬೀದಿಗೆ ನಡೆದುಹೋಗಿ. ಗುಡಿಯ ಹತ್ತಿರದ ಸಣ್ಣ ಹೋಟೆಲಿನಲ್ಲಿ ನಿಂತು ತಿಂಡಿ ತಿನ್ನಿ, ಯಾವ ಊರಿನವರು, ಎಷ್ಟು ವರ್ಷವಾಯಿತು ಎಂದು ಕೇಳಿ. ಚೆನ್ನಾಗಿದ್ದರೆ ಅದರ ಹೆಸರು, ಬಾಗಿಲು ತೆಗೆಯುವ ಹೊತ್ತು, ಅಲ್ಲಿ ತಿನ್ನಲೇಬೇಕಾದ ಒಂದು ತಿಂಡಿ, ಇಷ್ಟನ್ನು ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ಹೇಳಿ. ಅವರ ಒಲೆ ಇನ್ನೂ ಜೋಡಣೆಯಾಗಿರುವುದಿಲ್ಲ.